ಊರು ಸುತ್ತಿ ಬರೆದು ಬದುಕುವ ಬಗ್ಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರವಾಸ ಬರವಣಿಗೆಯನ್ನೇ ಕಸುಬಾಗಿಸಿಕೊಳ್ಳುವ ಕುರಿತು ಕಳೆದ ತಿಂಗಳು ಈ ಅಂಕಣದಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಈಗಷ್ಟೇ ಬರೆಯತೊಡಗಿರುವ ತರುಣ ತರುಣಿಯರದು. ಯಾವ ಸಂಸ್ಥೆಯ ಸಂಬಳವೂ ಇಲ್ಲದೆ ಇಪ್ಪತ್ತೊಂದು ವರ್ಷಗಳಿಂದ ಹವ್ಯಾಸಿ ಬರಹಗಾರ್ತಿಯಾಗಿ ಇದೇ ಕೆಲಸದಲ್ಲಿರುವ ನಾನು, ನನಗೆ ತಿಳಿದಷ್ಟನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟು ಊರುಗಳನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಐದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಶನಿವಾರ, ಭಾನುವಾರ ಎಲ್ಲಾದರೂ ಹೊರಟುಬಿಡುತ್ತೇನೆ. ಕೆಲಸ ಬಿಟ್ಟು ಕನ್ನಡದಲ್ಲಿ ಪ್ರವಾಸ ಲೇಖನಗಳನ್ನು ಬರೆದುಕೊಂಡು ಬದುಕಬೇಕೆಂದು ಮನೆಯಲ್ಲಿ ಹೇಳಿದ ದಿನದಿಂದ ಅಪ್ಪ ನನ್ನೊಡನೆ ಸರಿಯಾಗಿ ಮಾತನಾಡುತ್ತಿಲ್ಲ. ಈ ಕೆಲಸದಿಂದ ನಿಜವಾಗಿಯೂ ಸಂಸಾರ ನಡೆಯುತ್ತದೆಯೇ? (ದಾವಣಗೆರೆ)

ಉತ್ತರ: ಕನ್ನಡ ಪತ್ರಿಕೆಗಳಿಗೆ ಪ್ರವಾಸ ಲೇಖನ ಬರೆಯುವುದೊಂದರಿಂದಲೇ ಸಂಸಾರ ನಡೆಯುವುದಿಲ್ಲ. ಇದನ್ನು ಸುತ್ತಿ ಬಳಸಿ ಹೇಳಿದರೆ ನಿಮಗೂ ನಿಮ್ಮ ತಂದೆಯವರಿಗೂ ಅನ್ಯಾಯ ಮಾಡಿದಂತಾಗುತ್ತದೆ. ಆದ್ದರಿಂದ ನನ್ನ ಲೆಕ್ಕದ ಪುಸ್ತಕದ ಒಂದು ಪುಟವನ್ನೇ ನಿಮ್ಮ ಮುಂದಿಡುತ್ತೇನೆ.

ಎರಡು ವರ್ಷಗಳ ಹಿಂದೆ ನವೆಂಬರಿನಲ್ಲಿ ಗದಗಿನಲ್ಲಿ ಉಳಿದುಕೊಂಡು ಮೂರು ದಿನ ಲಕ್ಕುಂಡಿಗೆ ಹೋಗಿಬಂದೆ. ಲಾಡ್ಜಿಗೆ ಎರಡು ರಾತ್ರಿಗೆ 1,800 ರೂಪಾಯಿ, ಟಂಟಂ ಮತ್ತು ಆಟೊಗೆ 160, ಖಾನಾವಳಿಯ ಊಟ ಮತ್ತು ಚಹಾಕ್ಕೆ 780, ಶಾಸನಗಳ ಕುರಿತ ಒಂದು ಹಳೆಯ ಪುಸ್ತಕಕ್ಕೆ 350, ಚಿಲ್ಲರೆ ಖರ್ಚು 60, ಒಟ್ಟು 3,150 ರೂಪಾಯಿ. ಸರ್ಕಾರಿ ಬಸ್ಸಿನಲ್ಲಿ, ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯಡಿ ಹೋದದ್ದರಿಂದ ನನಗೆ ಟಿಕೆಟ್ಟಿನ ಖರ್ಚಿರಲಿಲ್ಲ. ನಿಮ್ಮ ಲೆಕ್ಕಕ್ಕೆ ಅದೂ ಸೇರುತ್ತದೆ. ಮನೆಗೆ ಬಂದ ಮೇಲೆ ಓದಿ ಟಿಪ್ಪಣಿ ಮಾಡಿಕೊಳ್ಳಲು ನಾಲ್ಕು ದಿನ, ಬರೆಯಲು ಎರಡು ದಿನ, ಫೋಟೊಗಳನ್ನು ಆರಿಸಿ ಅಡಿಬರಹ ಹಾಕಲು ಇನ್ನೊಂದು ದಿನ ಹಿಡಿಯಿತು. ಹೀಗೆ ಹತ್ತು ದಿನಗಳ ಕೆಲಸಕ್ಕೆ, ಚಿತ್ರಗಳೂ ಸೇರಿದಂತೆ, ಬಂದ ಸಂಭಾವನೆ 2,500 ರೂಪಾಯಿ. ಅದು ಕೂಡ ಲೇಖನ ಅಚ್ಚಾಗಿ ಐದು ತಿಂಗಳು ಕಳೆದ ಮೇಲೆ, ಮೂರು ಬಾರಿ ನೆನಪಿಸಿದ ನಂತರ ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಕೈಯಿಂದ 650 ರೂಪಾಯಿ ಹೋದಂತಾಗುತ್ತಿತ್ತು.

ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ರನ್ನನಿಗೆ ಆಶ್ರಯವಿತ್ತು ಅಜಿತಪುರಾಣವನ್ನು ಬರೆಸಿದವಳೂ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳೂ ಅವಳೇ. ಅವಳ ಬಗ್ಗೆ ಮಹಿಳಾ ಮಾಸಿಕವೊಂದಕ್ಕೆ ಪ್ರತ್ಯೇಕ ಲೇಖನ ಬರೆದೆ. ಮೆಟ್ಟಿಲುಗಳ ಮೇಲೆಲ್ಲ ಪುಟ್ಟ ಗುಡಿಯಂಥ ಗೂಡುಗಳಿರುವ ಮುಸುಕಿನ ಬಾವಿಯ ಬಗ್ಗೆ ಮಕ್ಕಳಿಗಾಗಿ ಒಂದು ಪುಟ ಬರೆದೆ. ಆ ಭಾಗದ ಹಳೆಯ ಬಾವಿಗಳ ಕುರಿತು ಒಂದು ಧ್ವನಿ ಕಾರ್ಯಕ್ರಮಕ್ಕೆ ಬರಹ ಸಿದ್ಧಪಡಿಸಿಕೊಟ್ಟೆ. ಇವೆಲ್ಲ ಸೇರಿ ವರ್ಷದ ಕೊನೆಯ ಹೊತ್ತಿಗೆ ಆ ಒಂದು ಪ್ರಯಾಣದಿಂದ 11,000 ರೂಪಾಯಿ ಬಂತು. ಖರ್ಚು ಕಳೆದು ಉಳಿದದ್ದು 7,850. ಒಂದು ಊರಿಗೆ ಹೋದರೆ ನಾಲ್ಕು ಬರಹಗಳಿಗೆ ಬೇಕಾದಷ್ಟನ್ನು ನೋಡಿಕೊಂಡು, ಕೇಳಿಕೊಂಡು, ಬರೆದುಕೊಂಡು ಬರಬೇಕು ಎನ್ನುವುದು ಈ ಕಸುಬಿನಲ್ಲಿ ನಾನು ಕಲಿತ ಮೊದಲ ಪಾಠ. ವಾರಕ್ಕೊಂದು ಹೊಸ ಊರು ನೋಡುವವರಿಗೆ ಇದು ಆಗುವುದಿಲ್ಲ. ಒಂದೇ ಊರಿನಲ್ಲಿ ಮೂರು ದಿನ ಕಳೆಯುವವರಿಗೆ ಆಗುತ್ತದೆ.

ಇಷ್ಟಾದರೂ ನನ್ನ ಮನೆಯ ಅಕ್ಕಿ, ಬೇಳೆ, ಬಾಡಿಗೆ ಬಹುಪಾಲು ನಡೆಯುವುದು ಅನುವಾದದಿಂದ, ಕರಡು ತಿದ್ದುವುದರಿಂದ ಮತ್ತು ಬೇರೆಯವರ ಪುಸ್ತಕಗಳನ್ನು ಸಂಪಾದಿಸಿಕೊಡುವುದರಿಂದ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ತಿಂಗಳಿಗೆ ಹದಿನೈದು ದಿನ ಮೇಜಿನ ಮುಂದೆ ಕುಳಿತು ಅನುವಾದ ಮಾಡುವುದರಿಂದಲೇ ಉಳಿದ ದಿನಗಳಲ್ಲಿ ನನಗೆ ಬೇಕಾದ ಊರಿಗೆ, ಬೇಕಾದ ರೀತಿಯಲ್ಲಿ ಹೋಗಲು ಸಾಧ್ಯವಾಗಿದೆ.

ಕೆಲಸವನ್ನು ಈಗಲೇ ಬಿಡಬೇಡಿ. ಒಂದು ವರ್ಷ ರಜೆಗಳಲ್ಲೇ ಪ್ರಯಾಣ ಮಾಡಿ, ತಿಂಗಳಿಗೊಂದು ಲೇಖನವನ್ನು ಗಡುವಿಗೆ ಸರಿಯಾಗಿ ಮುಗಿಸಲು ಆಗುತ್ತದೆಯೇ ನೋಡಿ. ಬಂದದ್ದು, ಹೋದದ್ದು ಎಲ್ಲವನ್ನೂ ಬರೆದಿಡಿ. ಕನಿಷ್ಠ ಒಂದು ವರ್ಷದ ಮನೆ ಖರ್ಚನ್ನು ಬೇರೆಯಾಗಿ ಕೂಡಿಟ್ಟುಕೊಳ್ಳಿ. ಕಂಪನಿಯ ಗುಂಪು ವಿಮೆ ಕೆಲಸ ಬಿಟ್ಟೊಡನೆ ಸಾಮಾನ್ಯವಾಗಿ ಕೊನೆಯಾಗುವುದರಿಂದ, ರಾಜೀನಾಮೆ ಕೊಡುವ ಮೊದಲೇ ನಿಮ್ಮದೇ ಆರೋಗ್ಯ ವಿಮೆಯನ್ನು ಮಾಡಿಸಿಕೊಳ್ಳಿ. ನನಗೆ ಈ ಬುದ್ಧಿ ಹೇಳುವವರಿರಲಿಲ್ಲ. ಡೆಂಗಿ ಜ್ವರದಲ್ಲಿ ಆರು ದಿನ ಆಸ್ಪತ್ರೆಯಲ್ಲಿ ಮಲಗಿದಾಗ ಎರಡು ವರ್ಷ ಕೂಡಿಟ್ಟ ಹಣ ಕರಗಿಹೋಯಿತು. ವರ್ಷದ ಕೊನೆಯಲ್ಲಿ ಆ ಲೆಕ್ಕದ ಪುಸ್ತಕವನ್ನು ತಂದೆಯವರ ಮುಂದಿಟ್ಟು ಮಾತನಾಡಿ. ಅವರ ಕೋಪದ ಹಿಂದೆ ಇರುವುದು ನಿಮ್ಮ ಬದುಕಿನ ಬಗೆಗಿನ ಭಯ, ಮತ್ತು ಆ ಭಯಕ್ಕೆ ಕಾರಣವಿದೆ.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕ. ಎರಡು ವರ್ಷಗಳಲ್ಲಿ ಹದಿನಾಲ್ಕು ಪ್ರವಾಸ ಲೇಖನಗಳನ್ನು ಬೇರೆ ಬೇರೆ ಪತ್ರಿಕೆಗಳಿಗೆ ಕಳುಹಿಸಿದ್ದೇನೆ. ಒಂದೂ ಪ್ರಕಟವಾಗಿಲ್ಲ, ತಿರಸ್ಕರಿಸಿದ್ದೇವೆ ಎಂಬ ಉತ್ತರವೂ ಬಂದಿಲ್ಲ. ಜೋಗದ ಬಗ್ಗೆ ಬರೆದ ಒಂದು ಲೇಖನವನ್ನು ಜೊತೆಯಲ್ಲಿ ಇರಿಸಿದ್ದೇನೆ. ನನ್ನ ತಪ್ಪು ಎಲ್ಲಿದೆ? (ಹಾವೇರಿ)

ಉತ್ತರ: ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಭಾಷೆ ಚೊಕ್ಕವಾಗಿದೆ. ಆದರೆ ಮೊದಲ ಪುಟ ಪೂರ್ತಿ ಬೆಳಗಿನ ನಾಲ್ಕಕ್ಕೆ ಎದ್ದದ್ದು, ಸಹೋದ್ಯೋಗಿಯೊಬ್ಬರು ತಡವಾಗಿ ಬಂದದ್ದು, ವಾಹನದಲ್ಲಿ ಅಂತ್ಯಾಕ್ಷರಿ ಆಡಿದ್ದು, ಸಾಗರದಲ್ಲಿ ಇಡ್ಲಿ ತಿಂದದ್ದು, ಇವುಗಳಿಗೇ ಮುಗಿದಿದೆ. ಆ ದಿನ ನಿಮ್ಮ ಗುಂಪಿಗೆ ಅದು ಸಂತೋಷದ ನೆನಪು. ಗುಂಪಿನಲ್ಲಿ ಇಲ್ಲದ ಓದುಗರಿಗೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ದಿನಕ್ಕೆ ಹತ್ತಾರು ಲೇಖನಗಳನ್ನು ತೆರೆಯುವ ಉಪಸಂಪಾದಕರು ಎರಡನೆಯ ಪುಟಕ್ಕೆ ಹೋಗಿರಲಾರರು.

ಅವರು ಹೋಗಿದ್ದರೆ ಏಳನೆಯ ಪ್ಯಾರಾದಲ್ಲಿ ನಿಮ್ಮ ನಿಜವಾದ ಲೇಖನ ಸಿಗುತ್ತಿತ್ತು. ಆಗಸ್ಟಿನ ಮಳೆಯಲ್ಲೂ ನೀರು ಸಣ್ಣಗಿದ್ದುದನ್ನು ಕಂಡು ಮಕ್ಕಳು ಪೆಚ್ಚಾದಾಗ, ಚಹಾ ಮಾರುತ್ತಿದ್ದ ಹೆಂಗಸು “ಡ್ಯಾಮ್ ಗೇಟು ತೆಗೆದ್ರೇ ಜೋಗ ಸರ್, ಇಲ್ಲಾಂದ್ರೆ ಬರೀ ಬಂಡೆ” ಎಂದಳೆಂದು ಬರೆದಿದ್ದೀರಿ. ಈ ಒಂದು ಮಾತಿನಿಂದಲೇ ಲೇಖನ ಆರಂಭವಾಗಬೇಕಿತ್ತು. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಧುಮುಕುವ ಶರಾವತಿಯ ರಭಸವನ್ನು 1964ರಿಂದ ಲಿಂಗನಮಕ್ಕಿ ಜಲಾಶಯ ಹಿಡಿದಿಟ್ಟುಕೊಂಡಿದೆ ಎಂಬುದು, ಆ ಜಲಾಶಯಕ್ಕಾಗಿ ಮನೆ, ತೋಟ ಕಳೆದುಕೊಂಡವರು ಇದ್ದಾರೆ ಎಂಬುದು, ಆ ನೀರಿನಿಂದ ನಾಡಿಗೆ ವಿದ್ಯುತ್ ಬರುತ್ತಿದೆ ಎಂಬುದು, ಜಲಪಾತದ ಎದುರು ಅಂಗಡಿ ಇಟ್ಟವರ ದಿನದ ವ್ಯಾಪಾರ ದೂರದ ಗೇಟನ್ನು ನಂಬಿಕೊಂಡಿದೆ ಎಂಬುದು, ಇವೆಲ್ಲ ಆ ಮಾತಿನ ಬೆನ್ನಿಗೇ ಬರುತ್ತಿದ್ದವು. ಜೋಗ ರುದ್ರರಮಣೀಯ ಎಂದು ಹೇಳುವ ಲೇಖನಗಳು ಸಂಪಾದಕರ ಬಳಿ ರಾಶಿ ಬಿದ್ದಿವೆ. ಆ ಹೆಂಗಸಿನ ಮಾತು ನಿಮ್ಮೊಬ್ಬರ ಬಳಿ ಮಾತ್ರ ಇದೆ.

ಇನ್ನು ಕೆಲವು ಸಣ್ಣ ಸಂಗತಿಗಳಿವೆ, ಆದರೆ ಲೇಖನ ಮೂಲೆಗೆ ಬೀಳುವುದು ಇವುಗಳಿಂದಲೇ. ಮಳೆಗಾಲದ ಜಲಪಾತದ ಲೇಖನವನ್ನು ಆಗಸ್ಟಿನಲ್ಲಿ ಕಳುಹಿಸಿದರೆ ತಡವಾಯಿತೆಂದೇ ಅರ್ಥ. ಮಾಸಿಕಗಳು ಮತ್ತು ವಿಶೇಷಾಂಕಗಳು ಎರಡು ತಿಂಗಳು ಮೊದಲೇ ಪುಟಗಳನ್ನು ನಿರ್ಧರಿಸಿಕೊಂಡಿರುತ್ತವೆ. ಪತ್ರಿಕೆಯವರು ಬರಹವನ್ನು ಯೂನಿಕೋಡ್ ಅಕ್ಷರದಲ್ಲಿ ಕೇಳುತ್ತಾರೋ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಕೇಳುತ್ತಾರೋ ತಿಳಿದುಕೊಂಡು ಅದರಲ್ಲೇ ಕಳುಹಿಸಿ, ಏಕೆಂದರೆ ಪರಿವರ್ತನೆಯಲ್ಲಿ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಕೆಟ್ಟರೆ ತಿದ್ದುವ ವ್ಯವಧಾನ ಅಲ್ಲಿ ಯಾರಿಗೂ ಇರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳುಹಿಸಿದ ಚಿತ್ರ ಕುಗ್ಗಿಹೋಗಿ ಅಚ್ಚಿಗೆ ಯೋಗ್ಯವಾಗಿ ಉಳಿಯುವುದಿಲ್ಲ. ಮೂಲ ಕಡತವನ್ನೇ ಇಮೇಲಿನಲ್ಲೋ ಡ್ರೈವ್ ಕೊಂಡಿಯಲ್ಲೋ ಕಳುಹಿಸಬೇಕು. ಇಡೀ ಲೇಖನವನ್ನು ಕಳುಹಿಸುವ ಬದಲು ಮೊದಲು ಎಂಟು ಹತ್ತು ಸಾಲಿನ ಪ್ರಸ್ತಾವವನ್ನು ಕಳುಹಿಸಿ, ಮೂರು ವಾರ ಕಾದು ಒಮ್ಮೆ ನೆನಪಿಸಿ. ಆಗಲೂ ಉತ್ತರ ಬರದಿದ್ದರೆ, ನಿಮ್ಮ ಪ್ರಸ್ತಾವವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆಂದು ಒಂದು ಸಾಲು ಬರೆದು ಬೇರೆ ಪತ್ರಿಕೆಗೆ ಹೋಗಿ. ಉತ್ತರವನ್ನೇ ಕೊಡದಿರುವ ಅಭ್ಯಾಸ ನಮ್ಮ ಪತ್ರಿಕಾ ಕಚೇರಿಗಳಲ್ಲಿ ಬೇರೂರಿದೆ. ಅದು ಸರಿಯಲ್ಲ ಎಂಬುದನ್ನು ಒಂದು ಪತ್ರಿಕೆಯ ಪುಟದಲ್ಲೇ ಬರೆಯುತ್ತಿದ್ದೇನೆ.

ಪ್ರಶ್ನೆ: ಪ್ರವಾಸ ಲೇಖನದಲ್ಲಿ ಇತಿಹಾಸವನ್ನು ಎಷ್ಟರಮಟ್ಟಿಗೆ ಪರಿಶೀಲಿಸಬೇಕು? ಗೈಡ್ ಹೇಳಿದ್ದನ್ನು ಬರೆದರೆ ಸಾಲದೆ? ನಾವೇನೂ ಸಂಶೋಧಕರಲ್ಲವಲ್ಲ. (ಹಾಸನ)

ಉತ್ತರ: ಸಾಲದು. ನನ್ನದೇ ತಪ್ಪಿನಿಂದ ಆರಂಭಿಸುತ್ತೇನೆ. ಬರೆಯಲು ತೊಡಗಿದ ಎರಡನೆಯ ವರ್ಷದಲ್ಲಿ ಹಂಪಿಯ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ‘ಒಂದೇ ಬಂಡೆಯಲ್ಲಿ ಕಡೆದದ್ದು’ ಎಂದು ಬರೆದೆ. ಗೈಡ್ ಹಾಗೆ ಹೇಳಿದ್ದರು, ನಾನು ಓದಿದ್ದ ಎರಡು ಲೇಖನಗಳಲ್ಲೂ ಹಾಗೇ ಇತ್ತು. ಲೇಖನ ಪ್ರಕಟವಾದ ವಾರದಲ್ಲೇ ನಿವೃತ್ತ ಶಿಕ್ಷಕರೊಬ್ಬರ ಕಾರ್ಡು ಬಂತು. ಬೈಗುಳವಿರಲಿಲ್ಲ, ಇನ್ನೊಮ್ಮೆ ಹೋದಾಗ ಇಳಿಹೊತ್ತಿನಲ್ಲಿ, ಬಿಸಿಲು ಓರೆಯಾಗಿ ಬೀಳುವಾಗ, ರಥದ ಪಕ್ಕದಲ್ಲಿ ನಿಂತು ಕಲ್ಲುಗಳ ಬೆಸುಗೆಯನ್ನು ನೋಡಬೇಕೆಂದು ಮಾತ್ರ ಕೇಳಿಕೊಂಡಿದ್ದರು. ಹೋದೆ. ಹತ್ತು ನಿಮಿಷ ಏನೂ ಕಾಣಲಿಲ್ಲ. ನೆರಳು ಉದ್ದವಾಗುತ್ತ ಬಂದಂತೆ, ಕೆತ್ತನೆಯ ಪಟ್ಟಿಕೆಗಳ ಅಂಚಿನಲ್ಲಿ ಜಾಣತನದಿಂದ ಅಡಗಿಸಿಟ್ಟ ಸಂದುಗಳು ಕೂದಲೆಳೆಯಷ್ಟು ಕಪ್ಪಾಗಿ ಒಂದೊಂದೇ ಎದ್ದುಬಂದವು. ಅದು ಹಲವು ಕಣಶಿಲೆಗಳನ್ನು ಕೂಡಿಸಿ ಕಟ್ಟಿದ ರಥ. ಅದರ ಮೇಲೆ ಒಂದು ಕಾಲದಲ್ಲಿ ಇಟ್ಟಿಗೆಯ ಗೋಪುರವೂ ಇತ್ತೆಂಬುದು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಸ್ಪಷ್ಟವಾಗಿದೆ. ಒಂದೇ ಬಂಡೆ ಎಂದು ಬರೆದಾಗ ನಾನು ಆ ಶಿಲ್ಪಿಗಳನ್ನು ಹೊಗಳುತ್ತಿದ್ದೇನೆಂದು ಭಾವಿಸಿದ್ದೆ. ವಾಸ್ತವದಲ್ಲಿ ಸಂದು ಕಾಣದಂತೆ ಕಲ್ಲು ಕೂಡಿಸಿದ ಅವರ ಕೈಚಳಕವನ್ನೇ ಮರೆಮಾಡಿದ್ದೆ.

ನಿಮ್ಮ ಜಿಲ್ಲೆಯದೇ ಉದಾಹರಣೆ ತೆಗೆದುಕೊಳ್ಳಿ. ಬೇಲೂರಿನಲ್ಲಿ ಗೈಡುಗಳು ಜಕಣಾಚಾರಿ ಮತ್ತು ಡಂಕಣಾಚಾರಿಯ ಕಥೆಯನ್ನು ಮನಮುಟ್ಟುವಂತೆ ಹೇಳುತ್ತಾರೆ. ಕಪ್ಪೆ ಇದ್ದ ಕಲ್ಲು, ಕೈ ಕತ್ತರಿಸಿಕೊಂಡ ತಂದೆ, ಎಲ್ಲವೂ ಅದರಲ್ಲಿದೆ. ಆ ಕಥೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ, ಅದು ತಲೆಮಾರುಗಳಿಂದ ಜನರ ನಾಲಗೆಯ ಮೇಲಿರುವ ಸ್ವತ್ತು. ಆದರೆ ಅದನ್ನು ಕಥೆಯೆಂದೇ ಬರೆಯಿರಿ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಆ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಶಿಲ್ಪಗಳ ಬಳಿಯೇ ಕೊರೆದಿದ್ದಾರೆ. ಅಲ್ಲಿಯೂ ಒಬ್ಬ ತಂದೆ ಮತ್ತು ಒಬ್ಬ ಮಗ ಇದ್ದಾರೆ, ಮತ್ತು ಅವರು ನಿಜವಾಗಿ ಬದುಕಿ, ಉಳಿ ಹಿಡಿದು ದುಡಿದವರು. ಬೇಲೂರಿನ ಬಗ್ಗೆ ಬರೆಯುವವರು ಅವರ ಹೆಸರನ್ನು ಹೇಳದೆ ಮುಗಿಸಿದಾಗ ನನಗೆ ಪ್ರತಿ ಬಾರಿಯೂ ನೋವಾಗುತ್ತದೆ.

ಇಸವಿಗಳನ್ನು ಬರೆಯುವಾಗ ಒಂದು ಶಾಸನವನ್ನೋ ಒಂದು ಒಳ್ಳೆಯ ಗ್ರಂಥವನ್ನೋ ಆಧಾರವಾಗಿಟ್ಟುಕೊಳ್ಳಿ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ 578ರ ಶಾಸನವಿದೆ, ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿ ರಚಿಸಿದ 634ರ ಶಾಸನವಿದೆ. ಇವೆರಡನ್ನೂ ಅದಲು ಬದಲು ಮಾಡಿದ ಲೇಖನಗಳನ್ನು ನಾನು ಎಷ್ಟೋ ಬಾರಿ ಓದಿದ್ದೇನೆ. ಈಚೆಗೆ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಪ್ರವಾಸ ಲೇಖನಗಳೂ ಬರತೊಡಗಿವೆ, ‘ಒಂದೇ ಬಂಡೆಯ ರಥ’ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಇಳಿಹೊತ್ತಿನಲ್ಲಿ ರಥದ ಪಕ್ಕ ಹೋಗಿ ನಿಲ್ಲುವ ಕೆಲಸ ಇನ್ನೂ ನಮ್ಮ ಪಾಲಿಗೇ ಉಳಿದಿದೆ.

ಪ್ರಶ್ನೆ: ಪತ್ರಿಕೆಯೊಂದು ನನ್ನ ಸಂಭಾವನೆಯಲ್ಲಿ ಶೇ 10ರಷ್ಟು ಮುರಿದುಕೊಂಡಿದೆ. ಆ ಹಣ ಹೋದಂತೆಯೇ? (ಮೈಸೂರು)

ಉತ್ತರ: ಹೋಗಿಲ್ಲ. ಅದು ಮೂಲದಲ್ಲಿ ಕಡಿತವಾದ ತೆರಿಗೆ. ನಿಮ್ಮ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಜಮೆಯಾಗಿರುವುದನ್ನು ಆದಾಯ ತೆರಿಗೆ ಜಾಲತಾಣದಲ್ಲಿ ನೋಡಬಹುದು. ರಿಟರ್ನ್ಸ್ ಸಲ್ಲಿಸಿದಾಗ ನಿಮ್ಮ ತೆರಿಗೆ ಅದಕ್ಕಿಂತ ಕಡಿಮೆಯಿದ್ದರೆ ಉಳಿದದ್ದು ಮರಳಿ ಬರುತ್ತದೆ. ನಮ್ಮದು ಸಂಬಳವಲ್ಲ, ವೃತ್ತಿಯ ಆದಾಯ. ಆದ್ದರಿಂದ ಬರವಣಿಗೆಗಾಗಿಯೇ ಮಾಡಿದ ಪ್ರಯಾಣ, ವಸತಿ, ಕ್ಯಾಮೆರಾ ರಿಪೇರಿಯಂಥ ಖರ್ಚುಗಳನ್ನು ಲೆಕ್ಕದಲ್ಲಿ ಕಳೆಯಲು ಅವಕಾಶವಿದೆ, ರಸೀದಿಗಳನ್ನು ಇಟ್ಟುಕೊಂಡಿರಬೇಕು ಅಷ್ಟೆ. ಕಡಿತವಾದದ್ದನ್ನು ಬಿಟ್ಟು ವರ್ಷಕ್ಕೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ತೆರಿಗೆ ಬರುವಂತಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ ತಿಂಗಳುಗಳ 15ರೊಳಗೆ ಕಂತುಗಳಲ್ಲಿ ಮುಂಗಡ ತೆರಿಗೆ ಕಟ್ಟಬೇಕು. ಮೊದಲ ವರ್ಷ ಒಬ್ಬ ಲೆಕ್ಕಪರಿಶೋಧಕರ ಬಳಿ ಹೋಗಿ ಕಲಿತುಕೊಳ್ಳಿ.

ಪ್ರಶ್ನೆ: ಚಿಕ್ಕಮಗಳೂರು ಕಡೆಯ ರೆಸಾರ್ಟ್ ಒಂದು ಎರಡು ದಿನ ಉಚಿತವಾಗಿ ಉಳಿಸಿಕೊಂಡು ಲೇಖನ ಬರೆಯಲು ಕೇಳಿದೆ. ಒಪ್ಪಿಕೊಳ್ಳುವುದು ತಪ್ಪೇ? (ತುಮಕೂರು)

ಉತ್ತರ: ಉಳಿದುಕೊಳ್ಳುವುದು ತಪ್ಪಲ್ಲ, ಉಳಿದುಕೊಂಡದ್ದನ್ನು ಬಚ್ಚಿಡುವುದು ತಪ್ಪು. ನಮ್ಮ ಲೇಖನ ಓದಿ ಒಂದು ಕುಟುಂಬ ತನ್ನ ವರ್ಷದ ಉಳಿತಾಯವನ್ನು ಖರ್ಚು ಮಾಡಿ ಅಲ್ಲಿಗೆ ಹೋಗುತ್ತದೆ. ಆ ಕೋಣೆಗೆ ನಾವು ದುಡ್ಡು ಕೊಟ್ಟಿರಲಿಲ್ಲ ಎಂಬುದು ಅವರಿಗೆ ತಿಳಿದಿರಬೇಕು. ಸಾಮಾಜಿಕ ಜಾಲತಾಣಗಳಲ್ಲಿ ಬರೆಯುವವರಿಗೆ ಇದು ಈಗ ನಿಯಮವೂ ಹೌದು: ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹಣವಷ್ಟೇ ಅಲ್ಲ, ಉಚಿತ ಪ್ರವಾಸ ಮತ್ತು ಹೋಟೆಲ್ ವಾಸ್ತವ್ಯವನ್ನು ಪಡೆದಿದ್ದರೂ ಅದನ್ನು ಎದ್ದುಕಾಣುವಂತೆ ತಿಳಿಸಬೇಕು. ಮುದ್ರಿತ ಲೇಖನದಲ್ಲಿ ಕೊನೆಗೆ ಒಂದು ಸಾಲು ಸಾಕು. ರೆಸಾರ್ಟಿನವರಿಗೆ ಮೊದಲೇ ಬರೆದು ತಿಳಿಸಿಬಿಡಿ, ಪ್ರಕಟಣೆಗೆ ಮುನ್ನ ಲೇಖನವನ್ನು ತೋರಿಸುವುದಿಲ್ಲ, ಕೊರತೆ ಕಂಡರೆ ಬರೆಯುತ್ತೇನೆ ಎಂದು. ಈ ಷರತ್ತಿಗೆ ಅವರು ಒಪ್ಪದಿದ್ದರೆ ಅದು ಜಾಹೀರಾತಿನ ಕೆಲಸ. ಜಾಹೀರಾತು ಬರೆಯುವುದೂ ಪ್ರಾಮಾಣಿಕ ದುಡಿಮೆಯೇ, ಅದಕ್ಕೆ ತಕ್ಕ ದರವನ್ನು ಕೇಳಿ ಪಡೆಯಿರಿ ಮತ್ತು ಅದನ್ನು ಜಾಹೀರಾತೆಂದೇ ಪ್ರಕಟಿಸಲು ಹೇಳಿ.

ಪ್ರಶ್ನೆ: ಅಕ್ಕ, ಒಬ್ಬಳೇ ಹೋಗಲು ಮನೆಯವರು ಬಿಡುವುದಿಲ್ಲ. ನೀವು ಹೇಗೆ ಓಡಾಡುತ್ತೀರಿ? (ವಿಜಯಪುರ)

ಉತ್ತರ: ತಂಗಿ, ನನಗೂ ಮೊದಮೊದಲು ಬಿಡುತ್ತಿರಲಿಲ್ಲ. ಹೊರಡುವ ಮೊದಲು ಉಳಿಯುವ ಜಾಗ, ಬಸ್ಸಿನ ಸಮಯ, ಅಲ್ಲಿಯ ಒಬ್ಬರ ಫೋನ್ ನಂಬರು, ಇಷ್ಟನ್ನು ಹಾಳೆಯ ಮೇಲೆ ಬರೆದು ಅಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದೆ. ಹೇಳಿದ ಹೊತ್ತಿಗೆ ಫೋನ್ ಮಾಡುತ್ತಿದ್ದೆ. ಎರಡು ವರ್ಷದಲ್ಲಿ ಅವರಿಗೆ ನಂಬಿಕೆ ಬಂತು.

ನಿಜವಾದ ತೊಂದರೆ ಬಂದದ್ದು ಲಾಡ್ಜುಗಳಲ್ಲಿ. ತಾಲ್ಲೂಕು ಕೇಂದ್ರವೊಂದರಲ್ಲಿ ರಾತ್ರಿ ಎಂಟರ ಹೊತ್ತಿಗೆ ಗುರುತಿನ ಚೀಟಿ ತೋರಿಸಿದರೂ, “ಜೊತೆಗೆ ಯಾರಿಲ್ಲವೇ? ಹಾಗಾದರೆ ರೂಮಿಲ್ಲ” ಎಂದುಬಿಟ್ಟರು. ಗೋಡೆಯ ಹಲಗೆಯ ಮೇಲೆ ಆರು ಬೀಗದ ಕೈಗಳು ತೂಗುತ್ತಿದ್ದವು. ಆ ರಾತ್ರಿಯನ್ನು ಬಸ್ ನಿಲ್ದಾಣದ ಎದುರು ಹೂವಿನ ಅಂಗಡಿ ಇಟ್ಟಿದ್ದ ಅಮ್ಮನೊಬ್ಬರ ಮನೆಯಲ್ಲಿ ಕಳೆದೆ. ಗುರುತಿನ ಚೀಟಿಯಿರುವ ಒಬ್ಬಂಟಿ ಹೆಂಗಸಿಗೆ ಕೋಣೆ ಕೊಡಬಾರದೆಂಬ ಕಾನೂನು ಇಲ್ಲ, ಆದರೆ ರಾತ್ರಿ ಎಂಟಕ್ಕೆ ಕಾನೂನಿನ ಚರ್ಚೆ ನಡೆಯುವುದಿಲ್ಲ. ಅಂದಿನಿಂದ ಬೆಳಕಿರುವಾಗಲೇ ಊರು ತಲುಪುತ್ತೇನೆ, ಮೊದಲೇ ಫೋನ್ ಮಾಡಿ ಒಬ್ಬಳೇ ಬರುತ್ತಿದ್ದೇನೆಂದು ಹೇಳಿಯೇ ಕಾಯ್ದಿರಿಸುತ್ತೇನೆ, ಬಾದಾಮಿಯ ಮಯೂರ ಚಾಲುಕ್ಯ, ಕಮಲಾಪುರದ ಮಯೂರ ಭುವನೇಶ್ವರಿಯಂಥ ಪ್ರವಾಸೋದ್ಯಮ ನಿಗಮದ ಹೋಟೆಲುಗಳು ಇರುವ ಕಡೆ ಅವುಗಳನ್ನೇ ಮೊದಲು ವಿಚಾರಿಸುತ್ತೇನೆ. ತುರ್ತು ಸಹಾಯದ 112 ಫೋನಿನಲ್ಲಿ ಕೈಗೆ ಸಿಗುವಂತಿರಲಿ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಾದ ಮೇಲೆ ನಮ್ಮಂಥವರಿಗೆ ಆದ ದೊಡ್ಡ ಅನುಕೂಲವನ್ನು ಇಲ್ಲಿ ಹೇಳಲೇಬೇಕು. ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡು ಬೇಡವಾದ್ದರಿಂದ, ಒಮ್ಮೆ ನೋಡಿ ಬರೆದುಬಿಡುತ್ತಿದ್ದ ಊರಿಗೆ ಈಗ ಎರಡನೆಯ, ಮೂರನೆಯ ಬಾರಿ ಹೋಗುತ್ತೇನೆ. ಮೊದಲ ಬಾರಿ ಕಣ್ಣಿಗೆ ಬಿದ್ದದ್ದು ಎಷ್ಟು ಕಡಿಮೆ ಎಂಬುದು ಎರಡನೆಯ ಬಾರಿಗೆ ಗೊತ್ತಾಗುತ್ತದೆ. ನೀವು ಗೋಳಗುಮ್ಮಟದ ಊರಿನವರು; ಮೊದಲ ಲೇಖನಕ್ಕೆ ಮನೆ ಬಿಟ್ಟು ರಾತ್ರಿ ಉಳಿಯಬೇಕಾದ ಅಗತ್ಯವೇ ಇಲ್ಲ. ಪಿಸುಗುಟ್ಟುವ ಗ್ಯಾಲರಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ಮುಂಜಾನೆ ಬಾಗಿಲು ತೆರೆದಾಗ ಮೊದಲು ಒಳಹೋಗಿ ಕಸ ಗುಡಿಸುವವರ ಪೊರಕೆಯ ಸದ್ದು ಆ ಗುಮ್ಮಟದಡಿ ಹೇಗೆ ಕೇಳುತ್ತದೆ ಎಂದು ಕೇಳಿಸಿಕೊಂಡು ಬನ್ನಿ.

ಪ್ರಶ್ನೆ: ಪತ್ರಿಕೆಯಲ್ಲಿ ಬಂದ ನನ್ನ ಲೇಖನವನ್ನೂ ಫೋಟೊಗಳನ್ನೂ ಒಂದು ಟೂರ್ ಸಂಸ್ಥೆ ಕೇಳದೆ ಬಳಸಿಕೊಂಡಿದೆ. ಹಕ್ಕು ಯಾರದು, ನನ್ನದೋ ಪತ್ರಿಕೆಯದೋ? (ಉಡುಪಿ)

ಉತ್ತರ: ನೀವು ಆ ಪತ್ರಿಕೆಯ ಉದ್ಯೋಗಿಯಲ್ಲದೆ, ಹಕ್ಕನ್ನು ಬರೆದುಕೊಡದೆ ಇದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖನದ ಮೊದಲ ಒಡೆತನ ನಿಮ್ಮದೇ, ನೋಂದಣಿ ಮಾಡಿಸಿರಬೇಕೆಂದಿಲ್ಲ. ನೀವಾಗಿಯೇ ತೆಗೆದ ಫೋಟೊಗಳಿಗೂ ಇದೇ ಮಾತು. ಆದರೆ ಯಾರಾದರೂ ದುಡ್ಡು ಕೊಟ್ಟು ನಿಮ್ಮಿಂದ ಫೋಟೊ ತೆಗೆಸಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಅದರ ಹಕ್ಕು ತೆಗೆಸಿದವರಿಗೆ ಹೋಗುತ್ತದೆ. ಇದು ಎಷ್ಟೋ ಜನರಿಗೆ ತಿಳಿದಿಲ್ಲ. ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಆಗಬೇಕು, ಅವಧಿಯನ್ನು ಬರೆದಿರದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಆದ್ದರಿಂದ ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ’ ಎಂಬ ಸಾಲಿರುವ ಕಾಗದಕ್ಕೆ ಸಹಿ ಮಾಡುವ ಮೊದಲು ‘ಒಮ್ಮೆ ಪ್ರಕಟಿಸುವ ಹಕ್ಕು’ ಎಂದು ತಿದ್ದಲು ಕೇಳಿ. ನಾನು ಕೇಳಿದ ಹತ್ತು ಕಡೆಗಳಲ್ಲಿ ಆರು ಕಡೆ ಒಪ್ಪಿದ್ದಾರೆ. ಟೂರ್ ಸಂಸ್ಥೆಗೆ ಮೊದಲು ಸಭ್ಯವಾಗಿ, ದಿನಾಂಕ ಹಾಕಿ, ಬಳಸಿದ್ದಕ್ಕೆ ಇಂತಿಷ್ಟು ಎಂದು ಬಿಲ್ ಕಳುಹಿಸಿ. ಅವರ ಪುಟದ ಚಿತ್ರವನ್ನು ಅದಕ್ಕೆ ಮೊದಲೇ ತೆಗೆದಿಟ್ಟುಕೊಳ್ಳಿ, ಪತ್ರ ತಲುಪಿದ ಕೂಡಲೇ ಅಳಿಸುವವರಿದ್ದಾರೆ. ಹಣ ಕೊಡದಿದ್ದರೆ ವಕೀಲರ ನೋಟಿಸು ಮುಂದಿನ ಹೆಜ್ಜೆ.

ಪ್ರಶ್ನೆ: ನಮ್ಮೂರಿನ ಹತ್ತಿರ ಯಾರಿಗೂ ಗೊತ್ತಿಲ್ಲದ ಒಂದು ಜಲಪಾತವಿದೆ. ಅದರ ಬಗ್ಗೆ ಬರೆದರೆ ಲೇಖನ ಖಂಡಿತ ಪ್ರಕಟವಾಗುತ್ತದೆ. ಬರೆಯಲೇ? (ಸಿದ್ದಾಪುರ, ಉತ್ತರ ಕನ್ನಡ)

ಉತ್ತರ: ಸುಮಾರು ಹದಿನೈದು ವರ್ಷಗಳ ಹಿಂದೆ ನಾನೂ ಹೀಗೇ ಯೋಚಿಸಿದೆ. ಸಾಗರದ ಕಡೆಯ ಒಂದು ಸಣ್ಣ ಅಬ್ಬಿಯ ಬಗ್ಗೆ ದಾರಿಯ ಗುರುತುಗಳ ಸಮೇತ ಬರೆದೆ. ಯಾವ ತಿರುವಿನಲ್ಲಿ ಇಳಿಯಬೇಕು, ಯಾರ ತೋಟದ ದಣಪೆ (ಬೇಲಿಯ ದಾಟುಬಾಗಿಲು) ದಾಟಬೇಕು ಎಂಬುದೂ ಅದರಲ್ಲಿತ್ತು. ಓದುಗರು ಮೆಚ್ಚಿ ಬರೆದ ಪತ್ರಗಳು ಇಂದಿಗೂ ನನ್ನ ಬಳಿ ಇವೆ. ಮೂರು ಮಳೆಗಾಲ ಕಳೆದು ಅಲ್ಲಿಗೆ ಮತ್ತೆ ಹೋದಾಗ, ನನಗೆ ಮೊದಲ ಸಲ ದಾರಿ ತೋರಿಸಿದ್ದ ತೋಟದ ಯಜಮಾನರು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ಆಮೇಲೆ ಕಾಲನ್ನು ಮುಂದೆ ಚಾಚಿ ಅಂಗಾಲು ತೋರಿಸಿದರು. ಹೆಬ್ಬೆರಳ ಬುಡದಿಂದ ಹಿಮ್ಮಡಿಯವರೆಗೆ ಹೊಲಿಗೆಯ ಗುರುತಿತ್ತು. ಹಳ್ಳದಲ್ಲಿ ಒಡೆದು ಬಿದ್ದಿದ್ದ ಬಾಟಲಿಯ ಗಾಜು ತೋಟಕ್ಕೆ ಹರಿದು ಬಂದಿತ್ತು. ಅವರು ಬೇಸರಪಟ್ಟದ್ದು ಅದಕ್ಕಲ್ಲ. “ಜನ ಬಂದ್ರು ಅಂತ ಏನಿಲ್ಲ ಅಮ್ಮ. ನಾಲ್ಕು ಮನೆಗೆ ಇದೇ ಅಬ್ಬಿ ನೀರು ಕುಡಿಯೋದಕ್ಕೆ. ಈಗ ಭಾನುವಾರ, ಸೋಮವಾರ ಪೈಪು ಬಿಚ್ಚಿಡ್ತೀವಿ” ಎಂದರು. ನಾನು ಆ ಲೇಖನದಲ್ಲಿ ನೀರಿನ ಬಣ್ಣ, ಸದ್ದು, ತಂಪು ಎಲ್ಲವನ್ನೂ ಬರೆದಿದ್ದೆ, ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಲಿಲ್ಲ.

ಆ ಲೇಖನವನ್ನು ನನ್ನ ಸಂಕಲನಕ್ಕೆ ಸೇರಿಸುವಾಗ ಊರಿನ ಹೆಸರು, ದಾರಿ ಎರಡನ್ನೂ ತೆಗೆದೆ; ಆಗಲೇ ಬಂದುಹೋಗುತ್ತಿದ್ದವರನ್ನು ಅದು ನಿಲ್ಲಿಸಲಿಲ್ಲ. ಈಗ ನಾನು ಬರೆಯುವುದು, ಬರುವವರನ್ನು ನಿಭಾಯಿಸುವ ಏರ್ಪಾಡು ಇರುವ ಜಾಗಗಳ ಬಗ್ಗೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಲೇ ಜನ ಮುಗಿಬಿದ್ದ ಮೇಲೆ, ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಬೇಕಾಯಿತು. ಅರಣ್ಯ ಇಲಾಖೆ ಸಂಖ್ಯೆಯನ್ನು ಮಿತಿಗೊಳಿಸಿ, ಮಾರ್ಗದರ್ಶಕರನ್ನು ಜೊತೆಗೆ ಕೊಟ್ಟು ಕಳುಹಿಸುವ ದಾರಿಗಳನ್ನು ಹೆಸರು ಹೇಳಿಯೇ ಬರೆಯಬಹುದು. ಖಾಸಗಿ ತೋಟದೊಳಗಿಂದ ಹೋಗುವ, ಕಸದ ಬುಟ್ಟಿಯಾಗಲಿ ಶೌಚಾಲಯವಾಗಲಿ ಇಲ್ಲದ, ಕಾಲು ಜಾರಿದರೆ ಕೂಗು ಕೇಳುವವರಿಲ್ಲದ ಜಾಗವಾದರೆ ಜಾಗದ ಹೆಸರು ಬೇಡ. ಹೆಸರಿಲ್ಲದೆಯೂ ಆ ಕಾಡಿನ ಬಗ್ಗೆ, ಆ ನೀರನ್ನು ಕಾಯುವವರ ಬಗ್ಗೆ ಒಳ್ಳೆಯ ಲೇಖನ ಬರೆಯಲು ಸಾಧ್ಯ. ಸಂಪಾದಕರು ಗೂಗಲ್ ನಕ್ಷೆಯ ಕೊಂಡಿ ಕೇಳಿದರೆ ಕಾರಣ ತಿಳಿಸಿ ಇಲ್ಲವೆನ್ನಿ.

ನಿಮ್ಮ ಜಲಪಾತದ ಕೆಳಗೆ ಎಷ್ಟು ಮನೆಗಳಿವೆ, ಅವರು ಕುಡಿಯುವುದು ಯಾವ ನೀರು, ಹೊರಗಿನವರು ಬರುವುದು ಅವರಿಗೆ ಬೇಕೋ ಬೇಡವೋ ಎಂಬುದನ್ನು ಒಂದೊಂದು ಮನೆಯ ಜಗಲಿಯಲ್ಲೂ ಕುಳಿತು ಕೇಳಿಕೊಂಡು ಬನ್ನಿ. ಬರೆಯಬೇಕೋ ಬೇಡವೋ ಎಂಬುದನ್ನು ಆಮೇಲೆ ನೋಡೋಣ, ನನಗೆ ಇನ್ನೊಂದು ಪತ್ರ ಹಾಕಿ.